ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ

ಪ್ರಾಜೆಕ್ಟ್ ವರದಿಯಲ್ಲಿ ಯಾರೂ ಓದದ ಪುಟ ಯಾವುದು ಅಂದರೆ ಕಡೆಯದು, ರೆಫರೆನ್ಸ್ ಪುಟ. ಅದನ್ನು ಓದಲೇಬೇಕಾದ ಕೆಲಸ ನನ್ನ ತಲೆಗೆ ಬಿದ್ದ ಮೇಲೆ ತಿಳಿಯಿತು, ನಗೋದಕ್ಕೆ ಬೇಕಾದ್ದೆಲ್ಲ ಆ ಪುಟದಲ್ಲೇ ಇರುತ್ತದೆ, ಅದೂ ವರ್ಷಾವರ್ಷ ತಪ್ಪದೆ.

ನಾನು ಚನ್ನಗಿರಿಯ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಬಸವಾಪಟ್ಟಣದಿಂದ ದಿನಾ ಬಸ್ಸಿನ ಓಡಾಟ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಆದರೆ ಮಾತಾಡುವುದು ಯಾವ ಮೀಡಿಯಂನಲ್ಲೂ ಕಡಿಮೆ. ಹಾಜರಿ ಕೂಗುವಾಗಲೂ ನನ್ನ ದನಿ ಮೂರನೇ ಬೆಂಚು ದಾಟುವುದಿಲ್ಲ. ಸೇರಿದ ಮೊದಲ ವಾರವೇ ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಒಂದು ನಿಮಿಷ ಸುಮ್ಮನೆ ನೋಡಿ, "ನೀವು ಮಾತಾಡಲ್ಲ, ಇಂಗ್ಲಿಷ್ ಬರುತ್ತೆ. ರೆಫರೆನ್ಸ್ ನೀವೇ ನೋಡ್ಕೊಳ್ರಿ" ಅಂದರು. ಯಾಕೆ ಆಗಲ್ಲ ಅಂತ ಹೇಳುವುದಕ್ಕೂ ಮಾತಾಡಬೇಕಲ್ಲ. ತಲೆ ಆಡಿಸಿದೆ.

ನಮ್ಮ ಹುಡುಗ ಹುಡುಗಿಯರು ಪುಸ್ತಕದಿಂದ ತೆಗೆದುಕೊಳ್ಳುವುದು ಕಡಿಮೆ. ಸಾಫ್ಟ್‌ವೇರ್ ಮಾಡಿದವರೇ ಅದನ್ನು ಹೇಗೆ ಬಳಸಬೇಕು ಅಂತ ಇಂಟರ್ನೆಟ್ಟಿನಲ್ಲಿ ಬರೆದಿಟ್ಟಿರುತ್ತಾರಲ್ಲ, ಆ ಡಾಕ್ಯುಮೆಂಟೇಶನ್ ಪುಟಗಳೇ ಇವರಿಗೆ ಗುರು. ಹಾಗೆ ತೆಗೆದುಕೊಂಡ ಪ್ರತಿಯೊಂದು ಪುಟಕ್ಕೂ ವರದಿಯ ಕೊನೆಯಲ್ಲಿ ವಿವರ ಕೊಡಬೇಕು. ಬರೆದವರು ಯಾರು, ಯಾವ ವರ್ಷ, ಪುಟದ ಹೆಸರೇನು, ಸಾಫ್ಟ್‌ವೇರಿನ ಎಷ್ಟನೇ ಆವೃತ್ತಿಯದು, ವಿಳಾಸ ಏನು, ಮತ್ತೆ ನೀವು ಅದನ್ನು ನೋಡಿದ ತಾರೀಖು. ಪುಸ್ತಕ ಒಮ್ಮೆ ಅಚ್ಚಾದರೆ ಹಾಗೇ ಇರುತ್ತದೆ. ಈ ಪುಟಗಳು ಇವತ್ತು ಒಂದು ಥರ, ನಾಳೆ ಒಂದು ಥರ. ಅದಕ್ಕೇ ಆ ತಾರೀಖು. ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿ, ಕೊನೆಗೆ, ನೋಡಿದ್ದಕ್ಕೆ ಏನಾದರೂ ಪುರಾವೆ ಇಟ್ಟುಕೊಳ್ಳಿ ಅಂದೆ. ಫೋನಿನಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ ಎಂಬುದು ನನ್ನ ಮನಸ್ಸಿನಲ್ಲಿ. ಆದರೆ ಸ್ಕ್ರೀನ್‌ಶಾಟ್ ಅನ್ನುವ ಪದ ಬಾಯಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಪುರಾವೆ ಅನ್ನುವ ಮಾತಿಗೆ ಎಲ್ಲರೂ ಕಿವಿ ನಿಮಿರಿಸಿದ್ದಕ್ಕೆ ಕಾರಣ ಇತ್ತು. ಹೋದ ವರ್ಷ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ನ್ಯಾಮತಿಯ ಹುಡುಗನೊಬ್ಬನ ವರದಿ ತೆಗೆದು, ಪಟ್ಟಿಯಲ್ಲಿದ್ದ ಒಂದು ಪುಟವನ್ನು ಅಲ್ಲೇ ಫೋನಿನಲ್ಲಿ ಹುಡುಕಿದರು. ಅಂಥ ಪುಟ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ವರದಿ ತಿರಸ್ಕಾರ, ಹುಡುಗನಿಗೆ ಒಂದು ವರ್ಷ ಹೋಯಿತು. ಈ ವರ್ಷವೂ ಅದೇ ಪರೀಕ್ಷಕರು ಬರುತ್ತಾರೆ ಅಂತ ಮೊದಲೇ ಸುದ್ದಿ.

ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಮೊದಲ ಬೆಂಚಿನ ಒಬ್ಬ ಹುಡುಗಿ. ಜಗಳೂರಿನಿಂದ ಆಚೆಗೆ ಅವಳ ಹಳ್ಳಿ, ಇಲ್ಲಿ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ಮನೆಯಲ್ಲಿ ಕುರಿಗಳಿವೆ, ಅವುಗಳ ಹಿಂದೆ ಹೋಗಲು ಒಬ್ಬರು ಬೇಕೇ ಬೇಕು. ಹಾಗಾಗಿ ಅಕ್ಕ ತಂಗಿ ಇಬ್ಬರೂ ಪಾಳಿ ಹಾಕಿಕೊಂಡಿದ್ದರು. ಅಕ್ಕ ಪಿಯುಸಿ ಅರ್ಧಕ್ಕೆ ನಿಲ್ಲಿಸಿ ಕುರಿ ಹಿಡಿದಳು, ತಂಗಿ ಡಿಗ್ರಿಗೆ ಬಂದಳು. ತಂಗಿಯದು ಮುಗಿದ ದಿನ ಕುರಿ ತಂಗಿಗೆ, ಪುಸ್ತಕ ಅಕ್ಕನಿಗೆ. ಇದು ಅವರಿಬ್ಬರೇ ಕೂತು ಮಾಡಿಕೊಂಡ ಒಪ್ಪಂದ. ಅಕ್ಕ ಆಗಲೇ ಪಿಯುಸಿ ಅರ್ಜಿ ತುಂಬಿ ಟ್ರಂಕಿನಲ್ಲಿ ಇಟ್ಟು ಕೀಲಿ ತಂಗಿಯ ಕೈಗೆ ಕೊಟ್ಟಿದ್ದಳಂತೆ. "ನಂದು ಒಂದು ವರ್ಷ ಹೋದ್ರೆ ಅಕ್ಕಂದೂ ಒಂದು ವರ್ಷ ಹೋಗುತ್ತೆ ಮಿಸ್" ಅಂದಿದ್ದಳು ನನ್ನ ಹತ್ತಿರ. ಇನ್ನೇನೂ ಹೇಳಿರಲಿಲ್ಲ. ನನಗಿಂತ ಕಡಿಮೆ ಮಾತಾಡುವವರು ನಾನು ನೋಡಿದ್ದು ಆಕೆಯೊಬ್ಬಳನ್ನೇ.

ಸುಖಾಗಮನ ಬಯಸುವವರು

ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯವರು ಲಗ್ನಪತ್ರಿಕೆಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಾದವರು. ಮದುವೆ ಇಲ್ಲದ ಕಾಲದಲ್ಲಿ ಪ್ರಾಜೆಕ್ಟ್ ವರದಿ ಟೈಪ್ ಮಾಡಿ ಬೈಂಡ್ ಹಾಕುತ್ತಾರೆ. ಅವರ ಅಂಗಡಿಯಿಂದ ಬಂದ ಮೊದಲ ವರದಿಯ ಕಡೆಯ ಪುಟ ತೆರೆದಾಗ ನಾನು ಯಾರದೋ ಮದುವೆಗೆ ಬಂದೆನೇನೋ ಅನ್ನಿಸಿತು. ಪುಟದ ಸುತ್ತ ಬಳ್ಳಿ. ಎಡಕ್ಕೆ ಒಂದು ಸಾಲು ಪುಸ್ತಕ, ಬಲಕ್ಕೆ ಒಂದು ಸಾಲು ವೆಬ್‌ಸೈಟು, ಗಂಡಿನ ಕಡೆ ಹೆಣ್ಣಿನ ಕಡೆ ಇದ್ದ ಹಾಗೆ. ಪ್ರತಿ ಹೆಸರಿನ ಹಿಂದೆ ಶ್ರೀ, ಮುಂದೆ ರವರು. ಅಮೆರಿಕದಲ್ಲಿ ಕೂತು ಪ್ರೋಗ್ರಾಮ್ ಬರೆಯುವವರೂ ಶ್ರೀಯುತರಾಗಿದ್ದರು.

ಸರಿಪಡಿಸಿ ಅಂತ ಹೇಳಲು ಅಂಗಡಿಗೆ ಹೋದೆ. ಜಗಳೂರಿನ ಹುಡುಗಿ ಅಲ್ಲೇ ಪ್ರಿಂಟ್ ತೆಗೆಸಲು ಒಂದು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದಳು. ಅಂಗಡಿಯವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಸರುಗಳನ್ನು ಯಾವ ಕ್ರಮದಲ್ಲಿ ಹಾಕಿದ್ದೇನೆ ಅಂತ ವಿವರಿಸಿದರು. ವಯಸ್ಸಿನ ಪ್ರಕಾರವಂತೆ. ಇವರಲ್ಲಿ ಹಿರಿಯರು ಯಾರು ಅಂತ ಪ್ರತಿ ಹುಡುಗನನ್ನೂ ಕೇಳುತ್ತಾರಂತೆ, ಹುಡುಗರು ಗೊತ್ತಿಲ್ಲ ಅಂದರೆ, ಯಾರ ಮನೆ ಅಂತಾನೇ ಗೊತ್ತಿಲ್ದೆ ಸಾಮಾನು ತಂದಿಯೇನಪ್ಪ ಅಂತ ಬೈಯುತ್ತಾರಂತೆ. ನಾನು ಆದಷ್ಟು ಮೆತ್ತಗೆ, ಇಲ್ಲಿ ಹಿರಿಯರು ಕಿರಿಯರು ಇಲ್ಲ, ಅಕ್ಷರಮಾಲೆಯ ಪ್ರಕಾರ ಹಾಕಬೇಕು ಅಂದೆ. ಅವರು ಗಾಬರಿಯಾದರು. ಅಕ್ಷರದ ಪ್ರಕಾರ ಹೋದರೆ ಮೊಮ್ಮಗ ಮೊದಲು ಬಂದು ಅಜ್ಜ ಕೆಳಗೆ ಬೀಳುತ್ತಾನೆ, ಆಮೇಲೆ ಆ ಮನೆಯವರು ಯಾರೂ ಮದುವೆಗೆ ಬರುವುದಿಲ್ಲ ಅಂದರು.

ಕೊನೆಗೆ ಒಪ್ಪಿದರು. ಬಳ್ಳಿ ತೆಗೆದರು, ಶ್ರೀ ತೆಗೆದರು. ಎಲ್ಲಕ್ಕಿಂತ ಕೆಳಗೆ ಒಂದು ಸಾಲು ಇತ್ತು, 'ಮತ್ತು ಬಂಧುಮಿತ್ರರು'. ಅದು ಯಾಕೆ ಅಂತ ಕೇಳಿದೆ. ಕೆಲವು ಪುಟಗಳಲ್ಲಿ ಬರೆದವರ ಹೆಸರೇ ಇರುವುದಿಲ್ಲ ಅಂತ ಹುಡುಗರು ಹೇಳಿದ್ದರಂತೆ.

"ಹೆಸರು ಹಾಕ್ಕೊಳ್ದೆ ಕೆಲಸ ಮಾಡಿದೋರ್ನ ಹಂಗೇ ಬಿಡಾಕೆ ಬರುತ್ತಾ ಮೇಡಂ? ಮದುವೇಲಿ ನೀರು ಸೇದೋರು ಅವ್ರೇ."

ನಾನು ಐದು ವರ್ಷ ಕಾಲೇಜಿನಲ್ಲಿ ಓದಿದವಳು. ಹೆಸರಿಲ್ಲದವರ ಬಗ್ಗೆ ಯಾವ ಪಾಠದಲ್ಲೂ ಇಷ್ಟು ಮರ್ಯಾದೆ ಕಂಡಿರಲಿಲ್ಲ. ಆ ಸಾಲು ತೆಗೆಯಿರಿ ಅಂತ ಹೇಳಲು ಬಂದವಳು, ಅವರು ಕೊಟ್ಟ ಟೀ ಕುಡಿದು, ಬಂಧುಮಿತ್ರರನ್ನು ಅಲ್ಲೇ ಬಿಟ್ಟು ವಾಪಸ್ಸು ಬಂದೆ.

ಅಮಾವಾಸ್ಯೆ ಬಿಟ್ಟು

ನೋಡಿದ ತಾರೀಖು ಹಾಕಿ ಅಂದಿದ್ದಕ್ಕೆ ಹೊನ್ನಾಳಿಯ ಹುಡುಗನೊಬ್ಬ ತಾರೀಖಿನ ಜೊತೆ ಗಂಟೆ ನಿಮಿಷವನ್ನೂ ಹಾಕಿಕೊಂಡು ಬಂದ. ಬೆಳಗ್ಗೆ ಒಂಬತ್ತು ಹತ್ತು, ಸಂಜೆ ಆರು ಇಪ್ಪತ್ತು, ಹೀಗೆ. ಇಷ್ಟು ಬೇಡ, ತಾರೀಖು ಸಾಕು ಅಂದೆ. ಅವನು ಸುಮ್ಮನಿರದೆ, ಸಮಯ ಹಾಕದಿದ್ದರೆ ರಾಹುಕಾಲ ಬಿಟ್ಟು ನೋಡಿದ್ದೇನೆ ಅಂತ ಪರೀಕ್ಷಕರಿಗೆ ಹೇಗೆ ತಿಳಿಯಬೇಕು ಅಂದ.

ಅವನ ಮನೆಯಲ್ಲಿ ಹೊಸ ಕೆಲಸ ಯಾವುದನ್ನೇ ಆಗಲಿ ಗೋಡೆಯ ಕ್ಯಾಲೆಂಡರ್ ನೋಡದೆ ಶುರು ಮಾಡುವುದಿಲ್ಲವಂತೆ. ಹೊಸ ಪುಟ ತೆರೆಯುವುದೂ ಹೊಸ ಕೆಲಸವೇ ಅಂತ ಅವರಮ್ಮನ ತೀರ್ಮಾನ. ಬೆಳಗ್ಗೆ ರೊಟ್ಟಿ ಬಡಿಯುತ್ತಾ ಅವರಮ್ಮ, ಇವತ್ತು ಏನು ನೋಡಬೇಕೋ ಒಂದೂವರೆ ಒಳಗೆ ನೋಡಿ ಮುಗಿಸು ಅನ್ನುತ್ತಿದ್ದರಂತೆ. ಹಾಗೆ ತಿಥಿ ನೋಡಿ ತೆರೆದ ಹತ್ತೊಂಬತ್ತು ಪುಟ ಅವನ ಪಟ್ಟಿಯಲ್ಲಿತ್ತು. ಹೋದ ವರ್ಷಗಳಲ್ಲಿ ಇಡೀ ಕ್ಲಾಸು ಸೀನಿಯರ್ ವರದಿಯಿಂದ ಒಂದೇ ತಾರೀಖನ್ನು ನಕಲು ಹೊಡೆದು, ನಲವತ್ತು ಜನ ಒಂದೇ ದಿನ ಒಂದೇ ಪುಟ ನೋಡಿದ್ದನ್ನು ಕಂಡಿದ್ದ ನನಗೆ ಇವನ ಪಟ್ಟಿ ಪಂಚಾಂಗದಷ್ಟೇ ಪವಿತ್ರ ಅನ್ನಿಸಿತು.

ಆದರೂ ನನ್ನ ಬುದ್ಧಿ. ಫೋನಿನಲ್ಲಿ ಒಂದೊಂದೇ ತಾರೀಖು ತಾಳೆ ನೋಡಿದೆ. ಹದಿನಾಲ್ಕನೆಯದು ಸರಿಯಾಗಿ ಅಮಾವಾಸ್ಯೆ ದಿನ. ಬೆರಳಿಟ್ಟು ತೋರಿಸಿದೆ. ಅವನ ಮುಖ ಸಣ್ಣದಾಯಿತು. ಆ ದಿನ ತಾನು ಬೇಕೆಂದು ತೆರೆದದ್ದಲ್ಲ, ಬೇರೇನೋ ಒತ್ತಲು ಹೋಗಿ ಬೆರಳು ತಾಗಿ ತೆರೆದುಕೊಂಡಿತು ಅಂದ. ಹಾಗಾದರೆ ಮಾರನೇ ದಿನದ ತಾರೀಖು ಹಾಕಿಬಿಡಬಹುದಿತ್ತಲ್ಲ, ಯಾರಿಗೆ ಗೊತ್ತಾಗುತ್ತಿತ್ತು ಅಂತ ಕೇಳಿದೆ, ಪರೀಕ್ಷೆ ಮಾಡುವವಳ ಹಾಗೆ.

"ಕೆಟ್ಟ ದಿನ ನೋಡಿದ್ರೂ ನೋಡಿದ್ದು ನೋಡಿದ್ದೇ ಅಲ್ವ ಮೇಡಂ. ಅದಕ್ಕೇ ಆ ಪುಟದಿಂದ ಒಂದು ಸಾಲೂ ತಗೊಂಡಿಲ್ಲ. ಬರೇ ಪಟ್ಟಿಗೆ ಹಾಕೀನಿ."

ಇನ್ನೊಂದು ಸಟ್ಟುಗ

ಹೋದ ವರ್ಷ ಇಲ್ಲದ ಪುಟ ಬರೆದು ಸಿಕ್ಕಿಬಿದ್ದ ನ್ಯಾಮತಿಯ ಹುಡುಗ ಈ ವರ್ಷ ಮತ್ತೆ ಬಂದ. ಒಂದು ವರ್ಷದಲ್ಲಿ ಅವನು ಎಷ್ಟು ಬದಲಾಗಿದ್ದ ಅಂದರೆ, ಹೋಟೆಲಿನ ದರಪಟ್ಟಿ ನೋಡಿದರೂ ಇದು ಯಾವಾಗ ಬರೆದದ್ದು ಅಂತ ಕೇಳುತ್ತಾನೆ ಎಂದು ಸ್ನೇಹಿತರು ಆಡಿಕೊಳ್ಳುತ್ತಿದ್ದರು. ಅವನಿಗೆ ಬೇಕಾಗಿದ್ದ ಒಂದು ಮುಖ್ಯವಾದ ಪುಟದಲ್ಲಿ ಬರೆದವರ ಹೆಸರೂ ಇರಲಿಲ್ಲ, ವರ್ಷವೂ ಇರಲಿಲ್ಲ. ಅಂಥ ಕಡೆ 'ದಿನಾಂಕ ಇಲ್ಲ' ಅಂತ ಹಾಕಲು ನಿಯಮವೇ ಇದೆ ಎಂದು ನಾನು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಇಲ್ಲ ಅನ್ನುವ ಪದ ಕಂಡರೇ ಪಾಪ ಬೆವರುತ್ತಿದ್ದ.

ಪುಟದ ಅಡಿಯಲ್ಲಿ ಒಂದು ಇಮೇಲ್ ವಿಳಾಸ ಇತ್ತು. ಅದಕ್ಕೆ ಕಾಗದ ಬರೆದು ನನಗೆ ತೋರಿಸಿದ. ಇಂಗ್ಲಿಷ್ ಅವನದೇ. ಅದರ ಸಾರ ಇಷ್ಟು. ನಾನು ನ್ಯಾಮತಿಯವನು, ನಿಮ್ಮ ಪುಟ ಬಹಳ ಚೆನ್ನಾಗಿದೆ, ನೀವು ಯಾರು, ಯಾವ ವರ್ಷ ಬರೆದಿರಿ ದಯವಿಟ್ಟು ತಿಳಿಸಿ, ಹೋದ ವರ್ಷ ನಾನು ಇಲ್ಲದ ಪುಟ ಬರೆದು ಫೇಲಾದೆ, ಈ ವರ್ಷ ಇರುವ ಪುಟ ಬರೆಯುತ್ತಿದ್ದೇನೆ, ಆದರೆ ಅದರಲ್ಲಿ ನೀವೇ ಇಲ್ಲ. ತಿದ್ದಲು ಪೆನ್ನು ತೆಗೆದೆ. ಎಲ್ಲಿ ತಿದ್ದುವುದು ಅಂತ ತಿಳಿಯದೆ ಮುಚ್ಚಿದೆ.

ನಾಲ್ಕನೇ ದಿನ ಉತ್ತರ ಬಂತು. ಯಾವುದೋ ದೇಶದ, ಒಬ್ಬನೇ ಕೂತು ಬಿಡುವಿನಲ್ಲಿ ಇದನ್ನೆಲ್ಲ ಬರೆದಿದ್ದ ಮನುಷ್ಯ. ಇಷ್ಟು ವರ್ಷದಲ್ಲಿ ಎಷ್ಟೋ ಜನ ದೂರು ಬರೆದಿದ್ದಾರೆ, ನೀನು ಯಾರು ಅಂತ ಕೇಳಿದ್ದು ನೀನೇ ಮೊದಲು ಅಂದಿದ್ದ. ಹೆಸರು ವರ್ಷ ಎರಡನ್ನೂ ಪುಟದ ಅಡಿಯಲ್ಲಿ ಹಾಕಿದ್ದೇನೆ ನೋಡು ಅಂತಲೂ ಬರೆದಿದ್ದ. ತೆರೆದು ನೋಡಿದೆವು. ನಿಜವಾಗಿ ಹಾಕಿದ್ದ. ಇಡೀ ಪ್ರಪಂಚ ಓದುವ ಪುಟದಲ್ಲಿ ನ್ಯಾಮತಿಯವನೊಬ್ಬ ಕೇಳಿದ್ದಕ್ಕೆ ಒಂದು ಸಾಲು ಹುಟ್ಟಿತ್ತು. ಸ್ಟಾಫ್ ರೂಮಿನಲ್ಲಿ ನಾನು ಮೊದಲ ಸಲ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ್ದು ಅವತ್ತೇ ಇರಬೇಕು.

ಕಾಗದದ ಕೊನೆಯಲ್ಲಿ ಆತ ಇನ್ನೊಂದು ಮಾತು ಬರೆದಿದ್ದ. ನನ್ನ ಹೆಸರು ಹಾಕಲೇಬೇಕೆಂದಿಲ್ಲ, ಸುಮ್ಮನೆ ಬಳಸಿಕೋ ಅಂತ. ವರದಿ ನೋಡಿದರೆ ಆತನ ಹೆಸರು ರೆಫರೆನ್ಸ್ ಪುಟದಲ್ಲಿತ್ತು, ಕೃತಜ್ಞತೆಯ ಪುಟದಲ್ಲೂ ಇತ್ತು, ಒಂದು ಅಧ್ಯಾಯದ ಕೆಳಗೆ ಅಡಿಟಿಪ್ಪಣಿಯಲ್ಲೂ ಇತ್ತು. ಆತ ಬೇಡ ಅಂದಿದ್ದನಲ್ಲಪ್ಪ ಅಂದೆ.

"ಊಟದ ಪಂಕ್ತೀಲಿ ಕೂತೋರು ಯಾರು ಬೇಕು ಅಂತಾರೆ ಮೇಡಂ? ಸಾಕು ಅಂತ ಕೈ ಅಡ್ಡ ಇಟ್ಟಾಗ್ಲೇ ಇನ್ನೊಂದು ಸಟ್ಟುಗ ಬಡಿಸ್ಬೇಕು."

ಪಕ್ಕದ ಮನೇಲಿ ಕೇಳು

ಇದು ಚಿಕ್ಕದು, ನನ್ನದೇ.

ವೈವಾಗೆ ವಾರ ಇದ್ದಾಗ ಬಸ್ಸಿನಲ್ಲಿ ಜಗಳೂರಿನ ಹುಡುಗಿಯ ಪಟ್ಟಿ ಹಿಡಿದು ಒಂದೊಂದೇ ವಿಳಾಸ ಫೋನಿನಲ್ಲಿ ತೆರೆದು ನೋಡುತ್ತಿದ್ದೆ. ತೆರೆದರೆ ಒಂದು ಗೀಟು, ಅಷ್ಟೇ ನನ್ನ ಕ್ರಮ. ಅವಳ ಪ್ರಾಜೆಕ್ಟು ಕುರಿಯ ಕಿವಿ ಓಲೆಯದು. ಲಸಿಕೆ ಹಾಕಿದ ಕುರಿಯ ಕಿವಿಗೆ ನಂಬರಿನ ಒಂದು ಹಳದಿ ಬಿಲ್ಲೆ ಚುಚ್ಚಿರುತ್ತಾರಲ್ಲ, ಅದರ ಫೋಟೋ ಹೊಡೆದರೆ ಆ ಕುರಿಗೆ ಯಾವ ಲಸಿಕೆ ಯಾವಾಗ ಆಗಿದೆ ಅಂತ ಫೋನೇ ಹೇಳುತ್ತದೆ. ಕುರಿ ಮೇಯುವ ಕಡೆ ನೆಟ್‌ವರ್ಕ್ ಇರುವುದಿಲ್ಲ, ಆದ್ದರಿಂದ ನೆಟ್ ಇಲ್ಲದೆಯೇ ಕೆಲಸ ಮಾಡಬೇಕು. ಫೋಟೋದಿಂದ ನಂಬರು ಓದುವ ಒಂದು ಸಾಫ್ಟ್‌ವೇರು ನೆಟ್ ಇಲ್ಲದೆಯೂ ಓಡುತ್ತದೆ ಅಂತ ಅದರ ಡಾಕ್ಯುಮೆಂಟೇಶನ್ ಪುಟದಲ್ಲಿ ಇದೆ, ಅದರ ಮೇಲೇ ಅವಳ ಇಡೀ ವರದಿ ನಿಂತಿತ್ತು.

ಆ ಪುಟವೇ ತೆರೆಯಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಈ ವಿಳಾಸದಲ್ಲಿ ಏನೂ ಇಲ್ಲ ಅಂತಲೇ ಬಂತು. ನ್ಯಾಮತಿಯವನ ಹೋದ ವರ್ಷ ಕಣ್ಣ ಮುಂದೆ ಬಂತು, ಟ್ರಂಕಿನಲ್ಲಿದ್ದ ಅಕ್ಕನ ಅರ್ಜಿಯೂ ಬಂತು. ನಾನು ನಿಟ್ಟುಸಿರು ಬಿಟ್ಟಿದ್ದು ಪಕ್ಕದಲ್ಲಿ ಕೂತ ಅಜ್ಜಿಗೆ ಕೇಳಿಸಿರಬೇಕು. ಮಡಿಲಲ್ಲಿ ಮೆಂತೆ ಸೊಪ್ಪಿನ ಗಂಟು. ಯಾರೂ ಫೋನ್ ಎತ್ತುತಾ ಇಲ್ಲೇನವ್ವ ಅಂತ ಕೇಳಿದರು. ಈ ವಿಳಾಸದಲ್ಲಿ ಇದ್ದವರು ಈಗ ಇಲ್ಲ ಅಂದೆ.

"ಸತ್ತೇನು ಹೋಗಿರಲ್ಲ ಬಿಡವ್ವ, ಮನೆ ಬದಲಾಯ್ಸಿರ್ತಾರೆ. ಪಕ್ಕದ ಮನೇಲಿ ಕೇಳು."

ಆಮೇಲೆ ವಿಳಾಸದ ಕೊನೆಯ ತುಂಡು ಅಳಿಸಿ, ಅದೇ ವೆಬ್‌ಸೈಟಿನ ಆಚೀಚೆ ಪುಟಗಳಿಗೆ ಹೋಗಿ ನೋಡಿದೆ. ಮೂರನೇ ಪುಟದಲ್ಲಿ, ನೀವು ಹುಡುಕುತ್ತಿರುವುದು ಇಲ್ಲಿಗೆ ಬಂದಿದೆ ಅಂತ ಹೊಸ ವಿಳಾಸವೇ ಇತ್ತು. ಒತ್ತಿದೆ, ತೆರೆಯಿತು, ಅದೇ ತಲೆಬರಹ. ಅವಳ ಪಟ್ಟಿಯಲ್ಲಿ ಹಳೆಯದನ್ನು ಹೊಡೆದು ಹೊಸ ವಿಳಾಸ ಬರೆದು ಖುಷಿಯಿಂದ ಗೀಟು ಹಾಕಿದೆ. ಸಿಕ್ಕರು ಅಂತ ಅಜ್ಜಿಗೆ ಹೇಳಿದೆ. ಅವರು, ಸಿಕ್ಕರೆ ಸಾಲದು, ಚೆನ್ನಾಗಿದಾರಾ ಕೇಳು ಅಂದರು. ನಾನು ನಕ್ಕೆ. ಕೇಳಲಿಲ್ಲ.

ಹಸಿರು ಇಂಕು

ಕೇಳಬೇಕಿತ್ತು ಅಂತ ಗೊತ್ತಾದದ್ದು ವೈವಾ ದಿನ.

ಪರೀಕ್ಷಕರು ಕೆಟ್ಟವರಲ್ಲ. ತೆಳ್ಳಗೆ, ಕನ್ನಡಕ, ಎಲ್ಲವನ್ನೂ ಕೊನೆಯಿಂದ ಓದುವ ಅಭ್ಯಾಸ. ಹೊನ್ನಾಳಿಯವನ ರಾಹುಕಾಲ ನೋಡಿ ಹಾಗೇ ಒಪ್ಪಿಕೊಂಡರು. ನ್ಯಾಮತಿಯವನಿಗೆ ಬಂದ ಇಮೇಲನ್ನು ಎರಡು ಸಲ ಓದಿ ಅವನ ಬೆನ್ನು ತಟ್ಟಿದರು. ಜಗಳೂರಿನ ಹುಡುಗಿ ಬಂದು ಊರಿನಿಂದ ತಂದ ಕಿವಿ ಬಿಲ್ಲೆಯೊಂದರ ಫೋಟೋ ಹೊಡೆದು ತೋರಿಸಿದಳು, ನಂಬರು ಬಂತು, ಲಸಿಕೆ ಬಂತು. ಚೆನ್ನಾಗಿದೆ ಅಂದರು. ಆಮೇಲೆ ಕಡೆಯ ಪುಟ ತೆಗೆದು, ಆ ಹೊಸ ವಿಳಾಸವನ್ನು ತಮ್ಮ ಫೋನಿನಲ್ಲಿ ತೆರೆದರು. ಓದಿದರು. ಕನ್ನಡಕ ತೆಗೆದರು.

ಪುಟದಲ್ಲಿ, ಈ ಸೌಲಭ್ಯಕ್ಕೆ ಇಂಟರ್ನೆಟ್ ಸಂಪರ್ಕ ಕಡ್ಡಾಯ ಅಂತ ಇತ್ತು.

ಮನೆ ಬದಲಾಯಿಸಿದವರು ಮಾತನ್ನೂ ಬದಲಾಯಿಸಿದ್ದರು. ಹೊಸ ಆವೃತ್ತಿ ಬಂದಿತ್ತು, ಹಳೆಯ ಪುಟ ಹೋಗಿತ್ತು, ತಲೆಬರಹ ಅದೇ ಇತ್ತು. ಬಸ್ಸಿನಲ್ಲಿ ನಾನು ತಲೆಬರಹ ನೋಡಿ ಗೀಟು ಹಾಕಿದವಳು. ಎದ್ದು ನಿಂತು ತಪ್ಪು ನನ್ನದು ಅಂದೆ. ಎಂದಿನಂತೆ ನನ್ನ ದನಿ ನನ್ನ ಕುರ್ಚಿಯನ್ನೂ ದಾಟಲಿಲ್ಲ.

ಪರೀಕ್ಷಕರು ಹುಡುಗಿಗೆ ನಿಧಾನವಾಗಿ ಹೇಳಿದರು. "ನಿಮ್ಮ ಆ್ಯಪ್ ಓಡುತ್ತೆ, ನೋಡಿದೆ. ನನ್ನ ಪ್ರಶ್ನೆ ಅದಲ್ಲ. ಈ ಪುಟದಲ್ಲಿ ಹೀಗಿದೆ ಅಂತ ಬರೆದಿದ್ದೀರಿ. ಇಲ್ಲಿ ಹಾಗಿಲ್ಲ. ನೀವು ಇದನ್ನ ಓದಿದ್ರಾ, ಇಲ್ಲ ಸುಮ್ನೆ ಬರೆದ್ರಾ?"

ಹುಡುಗಿ ಬೆಂಚಿನ ಕೆಳಗೆ ಬಗ್ಗಿ, ಡಿಟಿಪಿ ಅಂಗಡಿಯಲ್ಲಿ ಹಿಡಿದಿದ್ದ ಅದೇ ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಹನ್ನೊಂದು ಹಾಳೆ. ಆ ಪುಟವನ್ನು ಮೂರು ತಿಂಗಳ ಹಿಂದೆ ಪ್ರಿಂಟ್ ತೆಗೆಸಿದ್ದು. ಮೇಲೆ ಆವೃತ್ತಿಯ ನಂಬರು, ಅಡಿಯಲ್ಲಿ ವಿಳಾಸ ಮತ್ತು ತಾರೀಖು, ನಾಲ್ಕನೇ ಹಾಳೆಯಲ್ಲಿ ನೆಟ್ ಇಲ್ಲದೆಯೂ ಓಡುತ್ತದೆ ಅನ್ನುವ ಸಾಲು. ಅಷ್ಟೇ ಆಗಿದ್ದರೆ ಪರೀಕ್ಷಕರು ತಲೆ ಎತ್ತುತ್ತಿರಲಿಲ್ಲವೇನೋ. ಪ್ರತಿ ಹಾಳೆಯ ಮೇಲೂ ಒಂದು ದುಂಡು ಸೀಲು, ಹಸಿರು ಇಂಕಿನಲ್ಲಿ ಸಹಿ, 'ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ', ಅದರ ಕೆಳಗೆ 'ಪಶು ವೈದ್ಯಾಧಿಕಾರಿ'.

ವೆಬ್ ಪೇಜಿಗೆ ಅಟೆಸ್ಟೇಶನ್ನಾ ಅಂತ ಪರೀಕ್ಷಕರು ನನ್ನ ಮುಖ ನೋಡಿದರು. ನಾನು ಹುಡುಗಿಯ ಮುಖ ನೋಡಿದೆ.

ಆಗ ಅವಳು, ಮೂರು ವರ್ಷದಲ್ಲಿ ಮೊದಲ ಸಲ, ಒಂದೇ ಉಸಿರಿಗೆ ಹತ್ತು ಮಾತು ಆಡಿದಳು. ಪುರಾವೆ ಇಟ್ಕೊಳ್ಳಿ ಅಂತ ಮಿಸ್ ಹೇಳಿದರು ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳಂತೆ. ಪುರಾವೆ ಅಂದರೆ ಏನು ಅಂತ ಅಕ್ಕನಿಗೆ ಚೆನ್ನಾಗಿ ಗೊತ್ತು. ಜಾತಿ, ಆದಾಯ, ಹಾಸ್ಟೆಲು, ಸ್ಕಾಲರ್‌ಶಿಪ್ಪು, ಎಲ್ಲದರ ಕಾಗದ ಹಿಡಿದು ಆಫೀಸು ತಿರುಗಿದವಳು ಅವಳೇ. ಗೆಜೆಟೆಡ್ ಅಧಿಕಾರಿಯ ಸಹಿ ಇಲ್ಲದ ಝೆರಾಕ್ಸನ್ನು ಯಾರೂ ಮುಟ್ಟುವುದಿಲ್ಲ ಅಂದಳಂತೆ. ಈಗ ಹಾಗಿಲ್ಲ, ನಮ್ಮ ಕಾಗದಕ್ಕೆ ನಾವೇ ಸಹಿ ಹಾಕಿದರೆ ಸಾಕು ಅಂತ ತಂಗಿ ಹೇಳಿದ್ದಕ್ಕೆ, ನಮಗೆ ನಾವೇ ಸಾಕ್ಷಿ ಹೇಳಿಕೊಂಡರೆ ಅದ್ಯಾವ ಸೀಮೆ ಸಾಕ್ಷಿ ಅಂತ ಬೈದಳಂತೆ. ತಂಗಿ ರಜೆಗೆ ಊರಿಗೆ ಹೋದಾಗ ಅವಳ ಪ್ರಿಂಟನ್ನೂ ಫೋನನ್ನೂ ತೆಗೆದುಕೊಂಡು ನೇರ ಕುರಿ ಡಾಕ್ಟರ ಹತ್ತಿರ ಹೋದಳು. ಅಕ್ಕನಿಗೆ ಪರಿಚಯ ಇದ್ದ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ.

ಡಾಕ್ಟರು ಒಳ್ಳೆಯವರು, ಆದರೆ ಮೂಲ ನೋಡದೆ ಸಹಿ ಹಾಕುವವರಲ್ಲ. ಮೂಲ ಎಲ್ಲಿ ಅಂದರು. ಅಕ್ಕ ಫೋನು ಮುಂದಿಟ್ಟಳು. ಅವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ಮಾರ್ಕ್ಸ್ ಕಾರ್ಡ್ ತಾಳೆ ನೋಡುವ ಹಾಗೆ ಸಾಲು ಸಾಲು ನೋಡಿದರು. ಹನ್ನೊಂದು ಹಾಳೆಗೆ ಒಂದು ಗಂಟೆ ಹಿಡಿಯಿತಂತೆ.

ಪರೀಕ್ಷಕರು ಹಾಳೆ ತಿರುಗಿಸುತ್ತಾ ಏಳನೆಯದರಲ್ಲಿ ನಿಂತರು. ಅಲ್ಲಿ ಅಂಚಿನಲ್ಲಿ ಹಸಿರು ಇಂಕಿನಲ್ಲೇ ಒಂದು ಷರಾ. 'ಕೊನೆಯ ಸಾಲು ಮೂಲದಲ್ಲಿ ಪೂರ್ತಿ ಇದ್ದು ನಕಲಿನಲ್ಲಿ ಅರ್ಧ ಮಾತ್ರ ಮುದ್ರಣವಾಗಿದೆ.' ಅದನ್ನು ಅವರು ಬೆರಳಿಟ್ಟು ಓದಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಡಾಕ್ಯುಮೆಂಟೇಶನ್ನನ್ನು ಇಷ್ಟು ಗಮನವಿಟ್ಟು ಓದಿದವರು, ಬರೆದವರನ್ನೂ ಸೇರಿಸಿ, ಇವರೊಬ್ಬರೇ ಇರಬೇಕು ಅಂದರು. ನಿಯಮದ ಪ್ರಕಾರ ವಿಳಾಸ ಹಳೆಯದೇ ಇರಲಿ, ಆವೃತ್ತಿ ಮತ್ತು ನೋಡಿದ ತಾರೀಖು ಸರಿ ಇದೆ, ಪುರಾವೆ ಲಗತ್ತಿಸಿದೆ ಅಂತ ತಾವೇ ಬರೆದರು. ಅಂಕ ಹಾಕಿದರು. ಎಷ್ಟು ಅಂತ ಕಾಣಲಿಲ್ಲ, ಆದರೆ ಪೆನ್ನು ಒತ್ತಿದ ರೀತಿಯಲ್ಲಿ ಕಡಿಮೆ ಇರಲಾರದು ಅನ್ನಿಸಿತು.

ಹುಡುಗಿ ವರಾಂಡಕ್ಕೆ ಬಂದು ಅಕ್ಕನಿಗೆ ಫೋನು ಮಾಡಿದಳು. ಆಚೆಯಿಂದ ಕುರಿಗಳ ಸದ್ದು ನನಗೂ ಕೇಳಿಸಿತು. ಪಾಸಂತೆ ಅಂದಳು. ಅಕ್ಕ ಅಷ್ಟು ದೂರದಿಂದಲೂ ನನಗೆ ಕೇಳುವ ಹಾಗೆ ಹೇಳಿದಳು. "ಹಂಗಾದ್ರೆ ಸೋಮವಾರದಿಂದ ಕುರಿ ನಿಂದು. ಟ್ರಂಕಿನ ಕೀಲಿ ಎಲ್ಲಿಟ್ಟೀಯ ಹೇಳು."

ಮಾತು ಮುಗಿಯುವಷ್ಟರಲ್ಲಿ ಪರೀಕ್ಷಕರು ಹೊರಗೆ ಬಂದರು. ಆಚೀಚೆ ನೋಡಿದರು. ಬಹಳ ಸಂಕೋಚದಿಂದ, ನಾನು ಮಾತಾಡುವಷ್ಟೇ ಮೆತ್ತಗೆ, ತಾವು ಪಿಎಚ್‌ಡಿ ಬರೆಯುತ್ತಿರುವುದಾಗಿಯೂ, ತಮ್ಮ ಪಟ್ಟಿಯಲ್ಲಿ ಇಂಥವೇ ಅರವತ್ತು ಪುಟ ಇರುವುದಾಗಿಯೂ, ಅದರಲ್ಲಿ ಅರ್ಧ ಈಗಾಗಲೇ ಕಾಣೆಯಾಗಿರುವುದಾಗಿಯೂ ಹೇಳಿದರು. ಉಳಿದರ್ಧಕ್ಕಾದರೂ ಏನಾದರೂ ಮಾಡಬೇಕು. ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಕೇಳಿದರು.

ಹುಡುಗಿ ಗಂಭೀರವಾಗಿ ಯೋಚನೆ ಮಾಡಿದಳು.

"ಬೆಳಗ್ಗೆ ಒಂಬತ್ತಕ್ಕೆ ಬರ್ರಿ ಸರ್. ಆದ್ರೆ ಬರೇ ಕಾಗದ ಹಿಡ್ಕೊಂಡು ಬಂದೋರ್ನ ಅವ್ರು ಕಡೀಗೆ ಕರೀತಾರೆ, ನಮ್ಮಕ್ಕ ಎರಡು ದಿನ ಸುಮ್ನೆ ಕೂತು ಬಂದ್ಲು. ಬರೋವಾಗ ಜೊತೇಗೆ ಒಂದು ಕುರಿ ಹಿಡ್ಕೊಂಡು ಬರ್ರಿ, ಲಗೂನ ಒಳಗೆ ಬಿಡ್ತಾರೆ. ನಿಮ್ಹತ್ರ ಇಲ್ದಿದ್ರೆ ಚಿಂತೆ ಇಲ್ಲ ಸರ್, ಸೋಮವಾರದಿಂದ ಎಲ್ಲಾವೂ ನನ್ನ ಕೈಯಾಗೇ ಇರ್ತಾವೆ. ಒಂದು ಕೊಡ್ತೀನಿ."